ಟವೆಲಿನ ಕೆಳಗೆ ಒಂದು ಕಿರುಬೆರಳು

ಹೋದ ವಾರ ಕೋಲಾರದಲ್ಲಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನಡೆದು ಬರುತ್ತಿದ್ದೆ. ಸೀಟು ಹೊಲಿಯುವ ಅಂಗಡಿಯೊಂದರ ಮುಂದೆ ಹರಳೆಣ್ಣೆ ಸವರಿದ ತೊಗಲನ್ನು ಬಿಸಿಲಿಗೆ ಹಾಕಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲು ತಾನಾಗಿ ನಿಂತಿತು. ಒಳಗೆ ಒಬ್ಬ ಯುವಕ, ಮೋಟಾರ್ ಸೈಕಲ್ಲಿನಲ್ಲೇ ತಿರುಪತಿಗೆ ಹೋಗಬೇಕಂತೆ, ಸೀಟಿಗೆ ಇನ್ನೂ ಎರಡು ಪದರ ಸ್ಪಂಜು ತುಂಬಿಸು ಎಂದು ಅಂಗಡಿಯವನ ಪ್ರಾಣ ತಿನ್ನುತ್ತಿದ್ದ. ನನ್ನನ್ನು ಯಾರೂ ಕೇಳಿರಲಿಲ್ಲ. ಆದರೂ ಬಾಯಿ ಹಾಕಿದೆ.

"ಬೇಡ ಕಣಪ್ಪ. ಮೆತ್ತಗಿರೋದೆಲ್ಲ ಸುಖ ಕೊಡಲ್ಲ. ಮೊದಲು ಗಾಡಿ ಮೇಲೆ ಕೂತ್ಕೊ, ನಿನ್ನ ಭಾರ ಎಲ್ಲಿ ಬೀಳ್ತದೆ ನೋಡೋಣ."

ಅವನು ನನ್ನ ಪಂಚೆಯನ್ನೂ ಕೊಡೆಯನ್ನೂ ನೋಡಿ ನಕ್ಕ. "ತಾತ, ನೀವೂ ಗಾಡಿ ಓಡಿಸಿದ್ದೀರಾ?"

ಓಡಿಸಿದ್ದೀನಾ ಅಂತೆ! ಎರಡನೇ ಮಹಾಯುದ್ಧ ಮುಗಿದ ಮರುವರ್ಷದ ಮಾವಿನ ಕಾಲವೊಂದನ್ನು ಪೂರ್ತಿ ಗಾಡಿಯ ಮೇಲೆ ಕಳೆದವನು ನಾನು. ಆ ಒಂದು ಕಾಲದಲ್ಲಿ ನನ್ನ ಸೊಂಟ, ಮಣಿಕಟ್ಟು, ಕಿರುಬೆರಳುಗಳು ಕಲಿತದ್ದನ್ನು ಆಮೇಲಿನ ಇಷ್ಟು ವರ್ಷದ ವ್ಯಾಪಾರವೂ ಕಲಿಸಿಲ್ಲ.

ಆಗ ನಾನು ಮುಳಬಾಗಿಲಿನಲ್ಲಿ ಮಾವಿನ ತೋಪು ಗುತ್ತಿಗೆ ಹಿಡಿಯುತ್ತಿದ್ದೆ. ದೊಡ್ಡ ಕುಳ ಎಂದು ತಿಳಿಯಬೇಡಿ. ಸಂತೆಯಲ್ಲಿ ಬೇರೆಯವರ ಬುಟ್ಟಿ ಹೊತ್ತು, ಹಣ್ಣು ವಿಂಗಡಿಸಿ, ಬೇಲಿ ಪಕ್ಕದ ಎರಡು ಮರ ಮೂರು ಮರ ಹಿಡಿದು, ಬೈಸಿಕೊಂಡು ಬೈಸಿಕೊಂಡು ಮೇಲೆ ಬಂದವನು. ಈ ವ್ಯಾಪಾರದಲ್ಲಿ ತೋಪಿಗೆ ಮೊದಲು ಹೋದವನಿಗೆ ಅರ್ಧ ಕೆಲಸ ಆದಂತೆ. ಮಾಲೂರಿನ ಕಡೆ ಹೂವು ಹೇಗಿದೆ, ಕೋಲಾರದ ಸುತ್ತ ಬೂದಿರೋಗ ಬಿದ್ದಿದೆಯಾ, ಶ್ರೀನಿವಾಸಪುರದಲ್ಲಿ ಹೂವು ಉದುರಿ ಪಿಂದೆಗಾಯಿ ಕಚ್ಚಿದೆಯಾ ಎಂಬುದನ್ನು ಕಣ್ಣಾರೆ ಕಂಡವನೇ ಧೈರ್ಯವಾಗಿ ಬೆಲೆ ಕಟ್ಟಬಲ್ಲ. ಆದರೆ ಹೋಗುವುದು ಹೇಗೆ? ನಮ್ಮೂರಿನ ಇನ್ನೊಬ್ಬ ವ್ಯಾಪಾರಿ ಬಚ್ಚಪ್ಪನಿಗೆ ಸ್ವಂತ ಜೋಡೆತ್ತಿನ ಬಂಡಿ ಇತ್ತು. ನನಗೆ ಬಸ್ಸೇ ಗತಿ. ಪೆಟ್ರೋಲಿಗೆ ಬರ ಬಂದಿದ್ದರಿಂದ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಏರು ಬಂದರೆ ನಾವೇ ಇಳಿದು ತಳ್ಳಬೇಕು. ಟಿಕೆಟ್ಟು ಕೊಂಡವನೇ ಬಸ್ಸನ್ನು ಊರು ಮುಟ್ಟಿಸುತ್ತಿದ್ದ.

ಆಗ ಬೆಂಗಳೂರಿನಲ್ಲಿ ಮಿಲಿಟರಿಯವರು ಬೇಡವಾದ ಗಾಡಿಗಳನ್ನು ಮಾರುತ್ತಿದ್ದಾರೆಂದು ಸುದ್ದಿ ಬಂತು. ಹೋದೆ. ದೀಪದ ಗಾಜು ಒಡೆದಿದೆ, ಹಸಿರು ಬಣ್ಣ ನಮ್ಮ ಕಡೆ ಎಮ್ಮೆಗಳನ್ನು ಬೆದರಿಸುತ್ತದೆ ಎಂದೆಲ್ಲ ಸುಳ್ಳು ಸುಳ್ಳೇ ತಗಾದೆ ತೆಗೆದು ಒಂದು ಫಟ್‌ಫಟಿಯನ್ನು ಅಗ್ಗಕ್ಕೆ ಎತ್ತಿಕೊಂಡು ಬಂದೆ. ಗೆದ್ದೆ ಎಂದುಕೊಂಡೆ. ಅದರ ಹಿಂದಿನ ಚಕ್ರಕ್ಕೆ ಸ್ಪ್ರಿಂಗೇ ಇಲ್ಲ, ಹಳ್ಳ ಬಂದರೆ ಪೆಟ್ಟು ನೇರ ಬೆನ್ನುಮೂಳೆಗೆ ಎಂಬುದು ಹೊಸಕೋಟೆ ದಾಟುವ ಹೊತ್ತಿಗೆ ತಿಳಿಯಿತು.

ಇಲ್ಲಿ ನಮ್ಮ ವ್ಯಾಪಾರದ ಒಂದು ರೀತಿಯನ್ನು ಹೇಳಬೇಕು. ತೋಪಿನ ಬೆಲೆಯನ್ನು ನಾವು ಬಾಯಲ್ಲಿ ಆಡುವುದಿಲ್ಲ. ಒಡೆಯನೂ ವ್ಯಾಪಾರಿಯೂ ಎದುರುಬದುರು ಕೂತು ಕೈಮೇಲೆ ಟವೆಲು ಹಾಕಿಕೊಳ್ಳುತ್ತಾರೆ. ಬೆರಳಿಗೆ ನೂರು ಎಂದು ಮೊದಲೇ ಗೊತ್ತಾಗಿರುತ್ತದೆ. ಮೂರು ಬೆರಳು ಹಿಡಿದರೆ ಮುನ್ನೂರು. ಎಂಟು ಹೇಳಬೇಕಾದರೆ ಐದನ್ನೂ ಹಿಡಿದು ಬಿಟ್ಟು, ಮತ್ತೆ ಮೂರು ಹಿಡಿಯಬೇಕು. ಮೇಲೆ ಬಾಯಿ ಮಳೆ ಬೆಳೆ ಮಾತಾಡುತ್ತಿರುತ್ತದೆ, ಕೆಳಗೆ ಕೈ ವ್ಯಾಪಾರ ಮಾಡುತ್ತಿರುತ್ತದೆ. ಸುತ್ತ ಕೂತ ಬೇರೆ ವ್ಯಾಪಾರಿಗಳಿಗೆ ಏನೂ ಗೊತ್ತಾಗುವುದಿಲ್ಲ. ಒಡೆಯ ಟವೆಲು ಎಳೆದು ಹೆಗಲಿಗೆ ಹಾಕಿದನೋ, ಮುಗಿಯಿತು. ಹಿಡಿದ ಬೆರಳು ಹಿಡಿದದ್ದೇ. ತಪ್ಪಾಯಿತು ಎಂದವನ ಜೊತೆ ಮಾರನೆಯ ದಿನದಿಂದ ಯಾರೂ ಟವೆಲಿನ ಕೆಳಗೆ ಕೈ ಇಡುವುದಿಲ್ಲ.

ಮಾಘದ ಚಳಿಯಲ್ಲಿ ಒಂದು ದಿನ, ಮಾಲೂರಿನ ತೋಪು ನೋಡಲು ಹೋಗಿದ್ದವನು, ಅಲ್ಲಿಂದ ಬೆಳಿಗ್ಗೆ ಹೊರಟೆ. ಕೋಲಾರ ದಾಟಿ, ಶ್ರೀನಿವಾಸಪುರದ ಮೇಲೆ ರಾಯಲ್ಪಾಡಿಗೆ. ದಾರಿಯುದ್ದಕ್ಕೂ ಮಾವಿನ ಹೂವಿನ ಘಮ. ಬಚ್ಚಪ್ಪನ ಬಂಡಿಯನ್ನು ಹಿಂದೆ ಹಾಕಿದ ಖುಷಿಯಲ್ಲಿ ಎಲ್ಲೂ ನಿಲ್ಲಿಸಲೇ ಇಲ್ಲ. ರಾಯಲ್ಪಾಡಿನ ವೆಂಕಟರೆಡ್ಡಿಯವರಿಗೆ ಎರಡು ತೋಪು. ಕೆರೆ ಕೆಳಗಿನ ಚಿಕ್ಕದನ್ನು ಹೂವಿನಲ್ಲೇ ಮಾರುವರು. ದಿಣ್ಣೆ ಮೇಲಿನ ದೊಡ್ಡದನ್ನು ಯುಗಾದಿ ಕಳೆದು, ಪಿಂದೆ ನಿಂತ ಮೇಲೆ. ಅಂದು ಚಿಕ್ಕದರ ವ್ಯಾಪಾರ. ಗಾಡಿಯಿಂದ ಇಳಿದವನೇ ಜಗಲಿ ಹತ್ತಿ ಕೂತೆ.

"ಏಮಯ್ಯ ಮುನಿಸಾಮಿ, ಗಾಳಿ ಥರ ಬಂದ್ಯಲ್ಲ! ಕಾಫಿ ಕುಡಿ, ಆಮೇಲೆ ನೋಡೋಣ" ಎಂದರು ರೆಡ್ಡಿಯವರು.

"ಕಾಫಿ ಎಲ್ಲಿಗೆ ಹೋಗ್ತದೆ, ರೆಡ್ಡಿಗಾರೂ. ಮೊದಲು ಕೈ ಕೊಡಿ" ಎಂದೆ. ಬಚ್ಚಪ್ಪ ಬಂದುಬಿಟ್ಟರೆ ಎಂಬ ಆತುರ.

ತೋಪು ಮುನ್ನೂರಕ್ಕೆ ಸರಿ ಎಂದು ಲೆಕ್ಕ ಹಾಕಿಕೊಂಡಿದ್ದೆ. ಟವೆಲಿನ ಕೆಳಗೆ ಮೂರು ಬೆರಳು ಹಿಡಿದೆ. ಹಿಡಿದೆ ಎಂದುಕೊಂಡೆ. ರೆಡ್ಡಿಯವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಟವೆಲು ಎಳೆದು ಹೆಗಲಿಗೆ ಹಾಕಿಕೊಂಡು ನನ್ನ ಕಿವಿಯಲ್ಲಿ "ನಾಲುಗು. ಸರೇ" ಎಂದರು.

ನಾಲ್ಕು! ನನ್ನ ಬಲಗೈಯನ್ನು ತೆಗೆದು ನೋಡಿಕೊಂಡೆ. ಉಂಗುರದ ಬೆರಳಿಂದ ಕಿರುಬೆರಳಿನವರೆಗೆ ಜೋಮು. ಗಾಡಿಯ ಹಿಡಿ ಅಷ್ಟು ದೂರ ನಡುಗಿ ನಡುಗಿ ಅರ್ಧ ಕೈಯನ್ನು ಮರದ ಕೊರಡು ಮಾಡಿತ್ತು. ಜೋಮು ಹಿಡಿದ ಕಿರುಬೆರಳು ನನಗೆ ಗೊತ್ತಿಲ್ಲದೆ ಹೋಗಿ ಅವರ ನಾಲ್ಕನೇ ಬೆರಳನ್ನೂ ಸುತ್ತಿಕೊಂಡಿತ್ತು. ಬಾಯಿ ಬಿಡಬೇಕೆಂದುಕೊಂಡೆ. ಬಿಟ್ಟರೆ ನನ್ನ ಕೈಗೆ ಮುಂದೆ ಬೆಲೆ ಇಲ್ಲ. "ಸರೇ" ಎಂದು ನಾನೂ ಅಂದು, ಅವರು ಕೊಟ್ಟ ಕಾಫಿ ಕುಡಿದೆ. ಯಾವ ರುಚಿಯೂ ಹತ್ತಲಿಲ್ಲ.

ಮನೆಗೆ ಬಂದು ಹೆಂಡತಿ ರತ್ನಮ್ಮನಿಗೆ ಹೇಳಿದೆ. ಅವಳು ಎಮ್ಮೆಗೆ ಹುಲ್ಲು ಹಾಕುತ್ತಿದ್ದವಳು ತಿರುಗಿ ನಿಂತಳು. "ಬಂಡೀಲಿ ಹೋಗೋ ಬಚ್ಚಪ್ಪಣ್ಣ ನಿಧಾನಕ್ಕೆ ಹೋದ್ರೂ ಕೈ ಜೊತೇಲೇ ತಗೊಂಡು ಹೋಗ್ತಾರೆ. ನೀವು ಕೈಯನ್ನ ದಾರೀಲಿ ಬಿಟ್ಟು ಹೋಗಿದ್ದೀರಿ" ಎಂದಳು.

ಚಿಕ್ಕ ತೋಪಿನಲ್ಲಿ ಆ ಬೆಲೆಗೆ ಏನೂ ಉಳಿಯದು. ದೊಡ್ಡ ತೋಪು ಸರಿಯಾದ ಬೆಲೆಗೆ ಸಿಕ್ಕಿದರೆ ಮಾತ್ರ ಆ ವರ್ಷ ತಲೆ ಎತ್ತಿ ನಡೆಯಬಹುದಿತ್ತು. ಅಲ್ಲಿಯೂ ಕೈ ಮೋಸ ಮಾಡಿದರೆ ಮತ್ತೆ ಸಂತೆಯಲ್ಲಿ ಬುಟ್ಟಿ. ಗಾಡಿ ಬಿಟ್ಟು ಬಸ್ಸು ಹಿಡಿಯಲೂ ಆಗದು, ಅಷ್ಟು ಊರಿನ ತೋಪು ಸುತ್ತುವುದಕ್ಕೆ ಬೇರೆ ದಾರಿ ಇರಲಿಲ್ಲ. ಯುಗಾದಿಯ ಒಳಗೆ ಗಾಡಿಯನ್ನು ಮನುಷ್ಯ ಕೂರುವಂತೆ ಮಾಡಬೇಕು, ಇಷ್ಟೇ.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಸೀಟನ್ನು ಮೆತ್ತಗೆ ಮಾಡಲು ಹೊರಟೆ. ನಮ್ಮ ಕಡೆಯವರಿಗೆ ಮೆತ್ತನೆಯದು ಎಂದರೆ ನೆನಪಾಗುವುದೇ ರೇಷ್ಮೆ. ಮಾಲೂರಿನಲ್ಲಿ ನೂಲು ತೆಗೆಯುವವರ ಹತ್ತಿರ ತೂತು ಬಿದ್ದ ಗೂಡು, ಬಿಸಾಡುವ ನೂಲಿನ ಜುಂಗು ಒಂದು ಚೀಲ ಸಿಕ್ಕಿತು. ಪುಕ್ಕಟೆ ಸಿಕ್ಕಿದ್ದನ್ನು ಬಿಡುವ ಜಾಯಮಾನ ನನ್ನದಲ್ಲ. ದಿಂಬು ಹೊಲಿಸಿ ಸೀಟಿಗೆ ಕಟ್ಟಿದೆ. ಮಾಲೂರಿನಿಂದ ಹೊರಡುವಾಗ ಮಹಾರಾಜನ ಗಾದಿ. ಬಿಸಿಲೇರಿತು, ಗೂಡಿನೊಳಗೆ ಒಣಗಿದ್ದ ಹುಳುಗಳ ವಾಸನೆ ಬಿಚ್ಚಿಕೊಂಡಿತು. ಒಂದೊಂದು ಹಳ್ಳಿಯ ನಾಯಿಗಳೂ ತಮ್ಮ ಗಡಿಯವರೆಗೆ ನನ್ನನ್ನು ಬೀಳ್ಕೊಟ್ಟು, ಮುಂದಿನ ಹಳ್ಳಿಯ ನಾಯಿಗಳಿಗೆ ಒಪ್ಪಿಸಿದವು. ಅದೂ ಹೋಗಲಿ ಎಂದರೆ, ಕೈಯ ಜೋಮು ಮೊದಲಿಗಿಂತ ಜಾಸ್ತಿ. ಮುಳಬಾಗಿಲಿಗೆ ಬಂದು ಅಂಗಿಯ ಗುಂಡಿ ಬಿಚ್ಚಲು ಹೆಂಡತಿಯನ್ನು ಕರೆಯಬೇಕಾಯಿತು.

ಕೋಲಾರದಲ್ಲಿ ಜಟಕಾ ಕುದುರೆಗಳಿಗೆ ಜೀನು, ಪಟ್ಟಿ ಹೊಲಿಯುವ ಬಾಬಾಜಾನ್ ಸಾಬರಿದ್ದರು. ಅವರ ಅಂಗಡಿಗೆ ಹೋದೆ. ಹರಳೆಣ್ಣೆಯ ತೊಗಲಿನ ವಾಸನೆ ಎಂದೆನಲ್ಲ, ಅದು ಅಲ್ಲಿಯದು. ಸಾಬರು ಮೊದಲು ಮೂಗು ಮುಚ್ಚಿಕೊಂಡು ನನ್ನ ದಿಂಬನ್ನು ಚರಂಡಿ ಆಚೆ ಎಸೆದರು. ಗಾಡಿಗೆ ಸ್ಟ್ಯಾಂಡು ಹಾಕಿಸಿ ನನ್ನನ್ನು ಹತ್ತಿಸಿದರು. ಬೀದಿಯ ಜನ ಸೇರಿದರು. ಓಡದ ಗಾಡಿಯ ಮೇಲೆ ಹಿಡಿ ಹಿಡಿದು ಕೂತಿರುವುದು ಬಹಳ ನಾಚಿಕೆಯ ಕೆಲಸ.

"ಅರೆ ಮುನಿಸಾಮಣ್ಣ, ಕೈ ಬಿಡು" ಎಂದರು. ಬಿಟ್ಟೆ. ಮುಂದಕ್ಕೆ ಮುಗ್ಗರಿಸಿ ಎದೆ ಟ್ಯಾಂಕಿಗೆ ಬಡಿಯಿತು. ಜನ ಹೋ ಎಂದು ನಕ್ಕರು.

"ನೋಡ್ದಾ? ನೀನು ಕೂತಿರೋದು ಸೀಟ್ ಮೇಲಲ್ಲ ಭಾಯ್, ಅಂಗೈ ಮೇಲೆ. ಸೀಟಿನ ಮೂತಿ ಕೆಳಗೆ ನೋಡ್ತಾ ಇದೆ, ಹ್ಯಾಂಡಲ್ ಅಷ್ಟು ದೂರ ಇದೆ. ಮೆತ್ತಗೆ ಮಾಡಿದಷ್ಟೂ ಜಾರ್ತೀಯ, ಜಾರಿದಷ್ಟೂ ಕೈ ಊರ್ತೀಯ. ಲಗಾಮಿನ ಮೇಲೆ ಭಾರ ಬಿಟ್ರೆ ಕುದುರೇನೇ ಒಪ್ಪಲ್ಲ."

ಸೀಟಿನ ಮುಂಭಾಗವನ್ನು ತುಸು ಎತ್ತಿದರು. ಹ್ಯಾಂಡಲ್ ಸಡಿಲಿಸಿ ನನ್ನ ಕಡೆಗೆ ತಿರುಗಿಸಿ ಬಿಗಿದರು. ಈಗ ಮೊಣಕೈ ಮಡಿಸಿ, ಬೆನ್ನು ನೆಟ್ಟಗೆ ಮಾಡಿ, ಕೈ ಬಿಟ್ಟರೂ ಕೂರಬಹುದಿತ್ತು. ಸೀಟಿಗೆ ತೆಂಗಿನ ನಾರನ್ನು ಗಟ್ಟಿಯಾಗಿ ಒತ್ತಿ, ಮೇಲೆ ಕುದುರೆಕೂದಲು ಹರಡಿ, ತೊಗಲು ಹೊಲಿಯುವುದಾಗಿ ಹೇಳಿದರು. ಹಿಡಿಗೆ ಒಂದೇ ಸುತ್ತು ಕಂಬಳಿ, ಅದರ ಮೇಲೆ ಮೇಕೆ ತೊಗಲು. "ಎರಡು ಸುತ್ತು ಹಾಕಿ ಸಾಬ್ರೇ" ಎಂದೆ. "ದಪ್ಪ ಆದ್ರೆ ಬಿಗಿಯಾಗಿ ಹಿಡೀಬೇಕಾಗ್ತದೆ, ಬಿಗಿಹಿಡಿದ್ರೆ ಮತ್ತೆ ಜೋಮು. ಸುಮ್ನಿರು" ಎಂದರು.

ಅಭ್ಯಾಸಬಲ, ಬೆಲೆಯಲ್ಲಿ ಎಳೆದಾಡಿದೆ. ಸಾಬರು ಸೂಜಿ ಕೆಳಗಿಟ್ಟರು. "ನೀನು ಬೆಲೆ ಕುಯ್ದಷ್ಟೂ ನಾನು ಹೊಲಿಗೆ ಕುಯ್ತೀನಿ. ಸೊಂಟ ನಿಂದು, ಇಷ್ಟ ನಿಂದು." ನಾನು ಚೌಕಾಸಿ ಬಿಟ್ಟು ಬೆಲೆ ಕೊಟ್ಟದ್ದು ಅದೇ ಮೊದಲು. ನೀವೂ ಕೇಳಿಕೊಳ್ಳಿ. ತೋಪಿಗೆ ಚೌಕಾಸಿ ಮಾಡಿ, ಎತ್ತಿಗೆ ಮಾಡಿ, ಗಾಡಿಗೂ ಮಾಡಿ. ಮೈಗೆ ಒತ್ತುವ ಜಾಗದಲ್ಲಿ ಮಾತ್ರ ಮಾಡಬೇಡಿ.

ಆಮೇಲೆ ಪರೀಕ್ಷೆ ಶುರುವಾಯಿತು. ತೋಪು ನೋಡಲು ಹೋದ ಪ್ರತಿ ಸಲವೂ ಒಂದೊಂದನ್ನು ಕಲಿತೆ. ಚಕ್ರಕ್ಕೆ ಕಲ್ಲಿನಂತೆ ಗಾಳಿ ತುಂಬಬಾರದು. ಹೆಬ್ಬೆರಳಿನಿಂದ ಒತ್ತಿದರೆ ತುಸು ಮಣಿಯಬೇಕು. ಹಳ್ಳ ಕಂಡರೆ ಸೀಟಿನ ಮೇಲೆ ಕೂತು ಪೆಟ್ಟು ತಿನ್ನದೆ, ಕಾಲೊತ್ತಿ ಅರ್ಧ ಎದ್ದು ನಿಲ್ಲಬೇಕು. ಸೊಂಟಕ್ಕೆ ಟವೆಲನ್ನು ಬಿಗಿಯಾಗಿ ಸುತ್ತಿಕೊಂಡರೆ ಬೆನ್ನು ಬೀಳುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಮೈ ನೋಯುವ ಮೊದಲೇ ಹುಣಸೆ ಮರದ ಕೆಳಗೆ ಇಳಿದು ಕೈಕಾಲು ಕೊಡವಬೇಕು. ನೋವು ಬಂದ ಮೇಲೆ ಇಳಿದರೆ ಮರದ ನೆರಳಿಗೆ ಲಾಭ, ನಿಮಗಿಲ್ಲ.

ಮನೆಗೆ ಬಂದರೆ ರತ್ನಮ್ಮನ ಪರೀಕ್ಷೆ. ಹಟ್ಟಿಯ ಬಾಗಿಲಲ್ಲೇ ಕೂರಿಸಿ, ನನ್ನ ಸೊಂಟದ ಟವೆಲು ಬಿಚ್ಚಿ ಕೈಮೇಲೆ ಹಾಕಿ, ಕೆಳಗಿನಿಂದ ನನ್ನ ಬೆರಳು ಹಿಡಿಯುವಳು.

"ಎಷ್ಟು ಹೇಳಿ?"

"ಎರಡು."

"ಮೂರು! ದೊಡ್ಡ ತೋಪು ಹೋಯ್ತು, ಬುಟ್ಟಿ ತಗೊಳ್ಳಿ."

ಪಕ್ಕದ ಮನೆಯ ಅಜ್ಜಿ ನಮ್ಮನ್ನು ಕಂಡು, "ಏನ್ರವ್ವ, ಗಂಡ ಹೆಂಡ್ತಿ ಕೈ ಹಿಡ್ಕೊಳ್ಳೋಕೆ ಟವೆಲ್ ಮರೆ ಬೇಕಾ?" ಎಂದು ಬೀದಿಗೆಲ್ಲ ಕೇಳುವಂತೆ ಅಂದುಬಿಟ್ಟರು. ರತ್ನಮ್ಮ ಕೆಂಪಾಗಿ ಒಳಗೆ ಓಡಿದಳು. ಪರೀಕ್ಷೆಯನ್ನು ಮಾತ್ರ ಬಿಡಲಿಲ್ಲ, ಜಾಗವನ್ನು ಅಡುಗೆಮನೆಗೆ ಬದಲಾಯಿಸಿದಳು.

ಸಾಬರ ಸೀಟು ಬಂದ ಮೇಲೆ ಬೆನ್ನು ಪೂರ್ತಿ ಸರಿಹೋಯಿತು. ಕಿರುಬೆರಳಿನಲ್ಲಿ ಮಾತ್ರ ಇನ್ನೂ ಸ್ವಲ್ಪ ಜೋಮು ಉಳಿಯುತ್ತಿತ್ತು. ಒಂದು ಸಂಜೆ ಅವಳು ಹಾಲು ಕರೆಯುತ್ತಿದ್ದಾಗ ನಾನು ಸುಮ್ಮನೆ ಕೇಳಿದೆ. "ದಿನಾ ಎರಡು ಹೊತ್ತು ಇಷ್ಟು ಹಾಲು ಕರೀತೀಯ, ನಿನ್ನ ಬೆರಳಿಗೆ ಜೋಮು ಬರಲ್ವೇನೇ?"

"ಒಂದೇ ಸಮ ಹಿಡ್ಕೊಂಡೇ ಇದ್ರೆ ಬರ್ತದೆ. ನಾನು ಹಿಡೀತೀನಿ, ಬಿಡ್ತೀನಿ. ಬಿಟ್ಟಾಗ ಬೆರಳು ಉಸಿರಾಡ್ತದೆ" ಎಂದಳು, ತಲೆಯನ್ನು ಎಮ್ಮೆಯ ಹೊಟ್ಟೆಗೆ ಒರಗಿಸಿಕೊಂಡೇ. "ನೀವು ಆ ಹ್ಯಾಂಡಲ್ಲು ಯಾರೋ ಕಿತ್ಕೊಂಡು ಹೋಗ್ತಾರೇನೋ ಅನ್ನೋ ಹಂಗೆ ಹಿಡೀತೀರಿ."

ಮಾರನೆಯ ದಿನದಿಂದ ನೆಟ್ಟನೆಯ ರಸ್ತೆ ಬಂದಾಗಲೆಲ್ಲ ಒಂದೊಂದೇ ಬೆರಳನ್ನು ಸಡಿಲಿಸಿ ಹಿಡಿಯತೊಡಗಿದೆ. ಹಾಗೆ ಕೋಲಾರದಿಂದ ಬಂದ ಒಂದು ಸಂಜೆ ಅಡುಗೆಮನೆಯಲ್ಲಿ ಅವಳು ಎಷ್ಟು ಸಲ ಹಿಡಿದರೂ ಅಷ್ಟು ಸಲವೂ ಸರಿಯಾಗಿ ಹೇಳಿದೆ. ಕೊನೆಗೆ ಅವಳು ಯಾವ ಬೆರಳನ್ನೂ ಹಿಡಿಯದೆ ಅಂಗೈ ಮೇಲೆ ಸುಮ್ಮನೆ ಕೈ ಇಟ್ಟಳು. ಅದೂ ಗೊತ್ತಾಯಿತು.

ಯುಗಾದಿ ಕಳೆಯಿತು. ಒಂದು ಮಾವಿನ ಮಳೆ ಬಿದ್ದು ಪಿಂದೆ ನಿಂತಿತು. ದೊಡ್ಡ ತೋಪಿನ ದಿನ ನಾನು ಶ್ರೀನಿವಾಸಪುರಕ್ಕೆ ಬಂದರೆ ರಸ್ತೆ ಬದಿಯಲ್ಲಿ ವೆಂಕಟರೆಡ್ಡಿಯವರೇ ನಿಂತಿದ್ದಾರೆ. ಯಾವುದೋ ಕೆಲಸಕ್ಕೆ ಬಂದವರು, ಊರಿಗೆ ಹೋಗುವ ಬಸ್ಸು ಹೊಗೆ ಕಾರಿಕೊಂಡು ಮಲಗಿಬಿಟ್ಟಿದೆ. ಅವರ ಜಗಲಿಯಲ್ಲಿ ಅಷ್ಟು ಹೊತ್ತಿಗೆ ವ್ಯಾಪಾರಿಗಳೆಲ್ಲ ಬಂದು ಕೂತಿರುತ್ತಾರೆ.

"ಹತ್ತಿ ರೆಡ್ಡಿಗಾರೂ."

"ಅಯ್ಯೋ, ನನ್ನ ಸೊಂಟ ಮೊದಲೇ ಸರಿ ಇಲ್ಲ ಕಣಯ್ಯ. ದೊಡ್ಡ ತೋಪು ಮಾರೋವರ್ಗೂ ಬದುಕಿರ್ಬೇಕು ನಾನು."

ಹಿಂದುಗಡೆಗೂ ಸಾಬರು ಸಣ್ಣದೊಂದು ಗಾದಿ ಹೊಲಿದಿದ್ದರು, ಹಿಡಿದುಕೊಳ್ಳಲು ತೊಗಲಿನ ಪಟ್ಟಿ ಇಟ್ಟಿದ್ದರು. ಅನುಮಾನದಿಂದಲೇ ಹತ್ತಿದರು. ಮೊದಲ ಹಳ್ಳಕ್ಕೆ "ವೆಂಕಟೇಶಾ" ಎಂದರು. ಆಮೇಲೆ ದೇವರನ್ನು ಕರೆಯುವುದು ನಿಂತಿತು. ಮಾವಿನ ನೆರಳಿನ ರಸ್ತೆಯಲ್ಲಿ ಯಾರ ತೋಪಿನಲ್ಲಿ ಎಷ್ಟು ಪಿಂದೆ ಎಂದು ನೋಡಿಕೊಂಡು ಬಂದರು. ನಾನು ಹುಣಸೆ ಮರದ ಹತ್ತಿರ ನಿಲ್ಲಿಸಿ ಕೈ ಕೊಡವಿಕೊಂಡೆ.

"ಇದೇನಯ್ಯ, ಕೋಳಿ ರೆಕ್ಕೆ ಬಡಿದಂಗೆ?"

"ಕೈ ಜೋಮು ಹಿಡೀಬಾರ್ದು ಅಂತ. ನೀವೂ ಕೊಡವಿ, ಪಟ್ಟಿ ಗಟ್ಟಿಯಾಗಿ ಹಿಡಿದಿದ್ದೀರಿ."

ಅವರು ಕೊಡವಲಿಲ್ಲ. ನನ್ನ ಬಲಗೈಯನ್ನೇ ನೋಡುತ್ತ, "ಅಂದು ಮಾಘದಲ್ಲಿ ಬಂದಾಗ ಕೊಡವಿದ್ದಿಲ್ಲ, ಅಲ್ವಾ?" ಎಂದರು. ನಾನು ಕಿಕ್ಕರ್ ಹೊಡೆದೆ.

ಜಗಲಿಯಲ್ಲಿ ಬಚ್ಚಪ್ಪನೂ ಶ್ರೀನಿವಾಸಪುರದ ಕಡೆಯ ವ್ಯಾಪಾರಿಗಳೂ ಕಾದಿದ್ದರು. ಒಡೆಯರನ್ನು ನಾನೇ ಕರೆತಂದದ್ದನ್ನು ಕಂಡು ಬಚ್ಚಪ್ಪ, "ಏನ್ಲಾ ಮುನಿಸಾಮಿ, ತೋಪು ಸಿಗದಿದ್ರೆ ಜಟಕಾ ಸವಾರಿ ಶುರು ಮಾಡ್ತೀಯಾ?" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಈ ಸಲ ಕಾಫಿಯನ್ನು ಬೇಡವೆನ್ನಲಿಲ್ಲ. ಬಿಸಿ ಲೋಟವನ್ನು ಎರಡು ಅಂಗೈಯಲ್ಲೂ ಹೊರಳಿಸಿ, ಐದೂ ಬೆರಳಿಗೆ ಬಿಸಿ ತಾಗುತ್ತಿದೆಯೇ ನೋಡಿಕೊಂಡು, ನಿಧಾನವಾಗಿ ಕುಡಿದೆ.

ಒಬ್ಬೊಬ್ಬರಾಗಿ ಕೈ ಕೊಟ್ಟು ಎದ್ದರು. ಬಚ್ಚಪ್ಪನ ಜೊತೆ ಬಹಳ ಹೊತ್ತು ನಡೆಯಿತು, ಟವೆಲು ಹೆಗಲಿಗೆ ಏರಲಿಲ್ಲ. ನನ್ನ ಸರದಿ ಬಂತು. ಸೊಂಟದ ಟವೆಲನ್ನು ಬಿಚ್ಚಿ ನಾನೇ ಹಾಸಿದೆ. ತೋಪಿಗೆ ಎಂಟುನೂರು ಆದರೆ ನನಗೆ ಒಳ್ಳೆಯ ಉಳಿತಾಯ. ಆದರೆ ಬಚ್ಚಪ್ಪ ಅಷ್ಟನ್ನು ಹಿಡಿದೇ ಇರುತ್ತಾನೆ. ಒಂಬತ್ತಾದರೆ ಕಷ್ಟ, ಆದರೂ ಮುಳುಗುವುದಿಲ್ಲ. ರೆಡ್ಡಿಯವರ ಕೈಯನ್ನು ಹುಡುಕಿ, ಐದನ್ನೂ ಹಿಡಿದು ಬಿಟ್ಟೆ. ಮತ್ತೆ ನಾಲ್ಕು ಹಿಡಿದೆ, ಒಂದೊಂದನ್ನೂ ಬೇರೆ ಬೇರೆಯಾಗಿ ಮುಟ್ಟಿ ನೋಡಿಕೊಂಡು.

ರೆಡ್ಡಿಯವರು ಮಳೆಯ ಮಾತು ಆಡುತ್ತಲೇ ನನ್ನ ಕೈಯನ್ನು ತಿರುಗಿಸಿಕೊಂಡರು. ಐದು ಹಿಡಿದು ಬಿಟ್ಟರು. ಮತ್ತೆ ಮೂರು ಹಿಡಿದರು.

ಎಂಟು! ಮಾರುವವನು ಕೇಳಿದ ಬೆಲೆ ಕೊಳ್ಳುವವನು ಕೊಡುತ್ತೇನೆಂದದ್ದಕ್ಕಿಂತ ಕಡಿಮೆ. ಟವೆಲಿನ ಕೆಳಗೆ ಹೀಗೆ ನಡೆದದ್ದನ್ನು ನಾನು ಕೇಳಿರಲೂ ಇಲ್ಲ. ನನಗೆ ಥಟ್ಟನೆ ಹೊಳೆಯಿತು. ದಾರಿಯುದ್ದಕ್ಕೂ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದು ಬಂದ ಕೈ, ಕೊಡವಿ ಎಂದರೂ ಕೊಡವಲಿಲ್ಲ, ಜೋಮು ಹಿಡಿದಿದೆ. ಸುಮ್ಮನಿದ್ದರೆ ತೋಪು ನನ್ನದು. ಆದರೆ ಮರಗಟ್ಟಿದ ಕೈಯ ವ್ಯಾಪಾರ ಏನೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಇವರು ಸಂಜೆಗೆ ಕೈ ಸರಿಯಾದ ಮೇಲೆ ಲೆಕ್ಕ ಹಾಕಿ ನೊಂದುಕೊಂಡರೆ, ಮುಂದಿನ ವರ್ಷ ಈ ಜಗಲಿ ನನಗಿಲ್ಲ.

ಬಗ್ಗಿ ಕಿವಿಯಲ್ಲಿ ಅಂದೆ. "ರೆಡ್ಡಿಗಾರೂ, ಕೈ ಜೋಮು ಹಿಡಿದಿರ್ಬೇಕು. ಉಜ್ಜಿಕೊಂಡು ಇನ್ನೊಂದ್ಸಲ ಹಿಡೀರಿ."

ಅವರು ಕೈ ಬಿಡಲಿಲ್ಲ. ಟವೆಲಿನ ಕೆಳಗೆ ನನ್ನ ಕಿರುಬೆರಳನ್ನು ಬೇರೆಯಾಗಿ ಹಿಡಿದು, ಒಮ್ಮೆ ಅದುಮಿ, ಬೇಕೆಂದೇ ಬಿಟ್ಟರು.

"ನನ್ನ ಕೈ ಚೆನ್ನಾಗೈತೆ ಕಣಯ್ಯ" ಎಂದರು, ನನಗಷ್ಟೇ ಕೇಳುವಂತೆ. "ಅಂದು ನಿಂದು ಮಂಜುಗಡ್ಡೆ ಥರ ಇತ್ತು. ನಾಕನೇ ಬೆರಳು ನೀನು ಬೇಕಂತ ಹಿಡಿದದ್ದಲ್ಲ ಅಂತ ನಂಗೆ ಆವತ್ತೇ ಗೊತ್ತು. ಬಾಯಿ ಬಿಡ್ತೀಯೇನೋ ಅಂತ ನೋಡ್ದೆ, ನೀನು ಕಾಫಿ ಕುಡಿದು ಎದ್ದು ಹೋದೆ. ಇಷ್ಟು ಜನದ ಮುಂದೆ ಆ ನೂರನ್ನ ಬಾಯಲ್ಲಿ ವಾಪಸ್ಸು ಕೊಡೋಕಾಗಲ್ಲ. ಸುಮ್ನೆ ತಗೋ."

ಹಳೆಯ ಸೀಟು, ಹಳೆಯ ಹಿಡಿ ಆಗಿದ್ದರೆ ಆ ಬಿಟ್ಟ ಬೆರಳು ನನ್ನ ಅರಿವಿಗೇ ಬರುತ್ತಿರಲಿಲ್ಲವಲ್ಲ ಎನ್ನಿಸಿತು. ಬಾಬಾಜಾನ್ ಸಾಬರನ್ನೂ ರತ್ನಮ್ಮನ ಎಮ್ಮೆಯನ್ನೂ ಮನಸ್ಸಿನಲ್ಲೇ ನೆನೆದು, ರೆಡ್ಡಿಯವರ ಐದು ಬೆರಳನ್ನೂ ಹಿಡಿದು ಬಿಟ್ಟು, ಮತ್ತೆ ಮೂರು ಹಿಡಿದೆ.

ರೆಡ್ಡಿಯವರು ಟವೆಲು ಎಳೆದರು. ಹೆಗಲಿಗೆ ಹಾಕಿಕೊಂಡರು, ತೋಪು ಆಯಿತೆಂದು ಎಲ್ಲರೂ ಎದ್ದರು. ಬಚ್ಚಪ್ಪ ಗೇಟಿನವರೆಗೂ ಹಿಂದೆ ಬಂದು, "ಎಷ್ಟು ಬೆರಳೋ? ನಂಗಾದ್ರೂ ಹೇಳೋ" ಎಂದ. ಆಮೇಲೆಯೂ ಎಷ್ಟೋ ವರ್ಷ ಕೇಳುತ್ತಲೇ ಇದ್ದ. ಹೇಳಲಿಲ್ಲ.

ನಾನು ಗಾಡಿ ಹತ್ತುವಾಗ ರೆಡ್ಡಿಯವರು ಹೆಗಲ ಮೇಲಿದ್ದ ನನ್ನ ಟವೆಲನ್ನು ತಂದು, ಮಕ್ಕಳಿಗೆ ಕಟ್ಟುವಂತೆ ನನ್ನ ಸೊಂಟಕ್ಕೆ ತಾವೇ ಸುತ್ತಿ ಗಂಟು ಹಾಕಿದರು. "ಬಿಗಿಯಾಯ್ತಾ?" ಎಂದು ಕೇಳಿದರು. ಸರಿಯಾಗಿದೆ ಎಂದೆ.

"ನಿಧಾನಕ್ಕೆ ಹೋಗು. ಮರದ ಹತ್ರ ಇಳಿದು ಕೈ ಕೊಡವು" ಎಂದರು.